ಓಣಿಯ ಹಳೆ ವಾಡೆ ಉಳಿಸಿ ಕಲಾಮನೆ ಮಾಡುವುದು ಹೇಗೆ: ಬೀದರ್ ಹಳೆ ಊರಿನ ಅನುಭವದಿಂದ

ಬೀದರಿನ ಹಳೆ ಊರ ನಡುವಿನ ಕಾವಲು ಗೋಪುರ ಚೌಬಾರಾದ ಬುಡದಲ್ಲಿ ನಿಂತು ಯಾವ ದಿಕ್ಕಿಗೆ ಹೆಜ್ಜೆ ಹಾಕಿದರೂ ಬೀಗ ಜಡಿದ ಹಳೆಯ ಬಾಗಿಲೊಂದು ಎದುರಾಗುತ್ತದೆ. ಸಾಗವಾನಿಯ ದಪ್ಪ ಹಲಗೆ, ಹಿತ್ತಾಳೆಯ ಮೊಳೆ, ಮೇಲೆ ಕಮಾನು, ಕಮಾನಿನ ಸಂದಿಯಲ್ಲಿ ಚಿಗುರಿದ ಅರಳಿ ಗಿಡ. ವಾರಸುದಾರರು ಹೈದರಾಬಾದಿನಲ್ಲೋ ಪುಣೆಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಒಂದು ದಿನ ಜೆಸಿಬಿ ಬರುತ್ತದೆ, ವರ್ಷ ತುಂಬುವುದರೊಳಗೆ ಅಲ್ಲಿ ಶಟರ್ ಹಾಕಿದ ಆರು ಅಂಗಡಿ ನಿಂತಿರುತ್ತವೆ.

ನಮ್ಮ ಓಣಿಯವರು ಇಂಥ ಎರಡು ಮನೆಗಳ ಬೆನ್ನು ಹತ್ತಿದೆವು. ಒಂದನ್ನು ಕಳೆದುಕೊಂಡೆವು. ಇನ್ನೊಂದರ ಅಂಗಳದಲ್ಲಿ ಈಗ ಪ್ರತಿ ರವಿವಾರ ಮಕ್ಕಳು ಚಿತ್ರ ಬರೆಯುತ್ತಾರೆ. ಕಳೆದುಕೊಂಡ ಮನೆಯೇ ಹೆಚ್ಚು ಕಲಿಸಿತು, ಹಾಗಾಗಿ ಇಲ್ಲಿ ಅದರ ಮಾತು ಮತ್ತೆ ಮತ್ತೆ ಬರುತ್ತದೆ. ಕಲಬುರಗಿಯ ಶಾಬಜಾರಿನವರಿಗೂ ಸುರಪುರದವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಕಲ್ಲು ಮತ್ತು ಮಣ್ಣು ಮಾತ್ರ ಬೇರೆ.

ಓಣಿಗೊಂದು ಕೂಡುವ ಜಾಗ ಈ ಊರಿಗೆ ಹೊಸದಲ್ಲ. ಕುಸ್ತಿ, ಕಸರತ್ತು ಕಲಿಸುವ ಗರಡಿಮನೆಗೆ ಇಲ್ಲಿ ತಾಲೀಮು ಎನ್ನುತ್ತಾರೆ. ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು, ಸಿದ್ದೀಕ್ ಷಾ ತಾಲೀಮು ಎಂದು ನಾಲ್ಕು ದಿಕ್ಕಿಗೆ ನಾಲ್ಕು ಇದ್ದವು. ಹೆಸರುಗಳು ಇವತ್ತಿಗೂ ಬಾಯಲ್ಲಿವೆ. ಹಿರಿಯರ ಮುಂದೆ "ಕಲಾ ಕೇಂದ್ರ" ಎಂದರೆ ಸರ್ಕಾರಿ ಕಟ್ಟಡ ಎಂದುಕೊಳ್ಳುತ್ತಾರೆ; "ತಾಲೀಮಿನಂಗ ಓಣಿಯವರೆಲ್ಲ ಕೂಡೋ ಜಾಗಾರಿ" ಎಂದರೆ ತಟ್ಟನೆ ತಿಳಿಯುತ್ತದೆ.

ಮನೆಗಿಂತ ಮೊದಲು ಮನೆಯವರು

ಮೊದಲ ಮನೆಯ ವಿಷಯದಲ್ಲಿ ನಾವು ಮಾಡಿದ ತಪ್ಪು ಇದು: ವಾರಸುದಾರರನ್ನು ಕಾಣುವ ಮುಂಚೆಯೇ "ಪಾರಂಪರಿಕ ವಾಡೆ ಉಳಿಸಿ" ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟೆವು. ಮನೆಯನ್ನು ಸರ್ಕಾರ ಕಿತ್ತುಕೊಳ್ಳುತ್ತದೆ ಎಂದು ಅವರು ಹೆದರಿದರು. ಹದಿನೈದು ದಿನದಲ್ಲಿ ಮನೆ ನೆಲಸಮ. ಅವರದು ತಪ್ಪು ಎನ್ನಲಾರೆ. ಅವರ ಮನೆಯ ಹಣೆಬರಹವನ್ನು ಅವರಿಗಿಂತ ಮೊದಲು ಊರಿಗೆಲ್ಲ ಹೇಳಿದವರು ನಾವು.

ಆದ್ದರಿಂದ ಬ್ಯಾನರು, ಮನವಿಪತ್ರ, ವಾಟ್ಸಾಪ್ ಗುಂಪು ಎಲ್ಲ ಆಮೇಲೆ. ಮೊದಲು ಇಬ್ಬರು, ಹೆಚ್ಚೆಂದರೆ ಮೂವರು, ಆ ಮನೆತನದ ಹಿರಿಯರನ್ನು ಹೋಗಿ ಕಾಣಿರಿ. ಮನೆ ಕೊಡ್ತೀರಾ ಎಂದು ಬಾಯಿ ತೆಗೆಯಬೇಡಿ. "ಮುತ್ಯಾ, ಈ ಮನ್ಯಾಗ ನಿಮ್ಮ ಲಗ್ನ ಆಗಿತ್ತೇನ್ರಿ?" ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಯಾವ ಕೋಣೆಯಲ್ಲಿ ಬಾಣಂತನ, ಯಾವ ಕಟ್ಟೆಯ ಮೇಲೆ ಲೆಕ್ಕಪತ್ರ, ಯಾವ ಮೂಲೆಯಲ್ಲಿ ಹಗೇವು, ಎಲ್ಲ ತಾವಾಗಿಯೇ ಹೊರಬರುತ್ತವೆ. ಅವರು ಒಪ್ಪಿದರೆ ಫೋನಿನಲ್ಲಿ ಧ್ವನಿ ಹಿಡಿದಿಡಿ. ಮುಂದೆ ಗೋಡೆ ಒಡೆಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಆಯಿ ಹೇಳಿದ ಒಂದು ಮಾತು ಎಂಜಿನಿಯರರ ನಕ್ಷೆಗಿಂತ ಉಪಯೋಗಕ್ಕೆ ಬರುತ್ತದೆ. "ಅಲ್ಲಿ ಮೊದಲ ಬಾಗಿಲಿತ್ತು, ನಮ್ಮ ಮಾವನವರು ಮುಚ್ಚಿಸಿದ್ರು" ಎಂದು ಒಬ್ಬರು ಹೇಳಿದ್ದರಿಂದಲೇ ನಮಗೆ ಎರಡನೇ ಹೊರದಾರಿ ಸಿಕ್ಕಿತು.

ಮನೆಯೊಳಗೆ ಹೋಗಲು ಅನುಮತಿ ಸಿಕ್ಕ ದಿನವೇ ಫೋಟೊ ತೆಗೆಯಿರಿ. ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ನಾಲ್ಕು, ಸೂರಿನದೊಂದು, ನೆಲದ್ದೊಂದು. ಟೇಪು ಹಿಡಿದು ಅಳತೆ ಮಾಡಿ ಕೈಯಲ್ಲೇ ನಕ್ಷೆ ಬರೆಯಿರಿ. ಚಂದ ಬೇಕಿಲ್ಲ, ಸರಿಯಿದ್ದರೆ ಸಾಕು.

ಕಾಗದ: ಇಲ್ಲಿ ಅವಸರ ಬೇಡ

ನಗರಾಡಳಿತದ ಖಾತಾ ತೆರಿಗೆ ಕಟ್ಟುವವರ ಹೆಸರು ಹೇಳುತ್ತದೆ, ಮಾಲೀಕತ್ವವನ್ನಲ್ಲ. ಖಾತಾದಲ್ಲಿ ಮುತ್ಯಾನ ಹೆಸರೊಂದೇ ಇದ್ದು ಹಕ್ಕುದಾರರು ಹದಿನೇಳು ಜನ ಇರುವುದು ನಮ್ಮ ಕಡೆ ಸಾಮಾನ್ಯ. ಹೀಗಾಗಿ ಖಾತಾದ ಜೊತೆ ಸಿಟಿ ಸರ್ವೆಯ ಪಿ.ಆರ್. ಕಾರ್ಡು (ಆಸ್ತಿಯ ದಾಖಲೆ ಪತ್ರ), ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ (ಜನ ಇ.ಸಿ. ಎನ್ನುತ್ತಾರೆ), ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ.

ಹಳೆಯ ಕಾಗದಗಳ ಕಥೆ ಬೇರೆ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ರಾಜ್ಯ, ಕಚೇರಿಯ ಭಾಷೆ ಉರ್ದು. ಪತ್ರದ ಮೇಲೆ ಫಸಲಿ ವರ್ಷ, ಅಂದರೆ ಆಗಿನ ಕಂದಾಯದ ವರ್ಷ, ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ತಿಂಗಳು ನೋಡಿ ಒಂದು ವರ್ಷ ಆಚೀಚೆ. 1340 ಫಸಲಿ ಎಂದರೆ ಸುಮಾರು 1930. ಹಳೆಯ ಶೈಲಿಯ ಉರ್ದು ಬರಹ ಓದಬಲ್ಲ ಹಿರಿಯರು ಬೀದರಿನಲ್ಲಿ ಇನ್ನೂ ಇದ್ದಾರೆ. ಅವರಿಂದ ಕನ್ನಡಕ್ಕೆ ಬರೆಸಿಕೊಂಡು ವಕೀಲರಿಗೆ ತೋರಿಸಿ. ಕೆಲವು ಮನೆಗಳು ವಕ್ಫ್ ಅಥವಾ ದೇವಸ್ಥಾನದ ಆಸ್ತಿಯಾಗಿರಬಹುದು, 1948ರ ನಂತರ ಖಾಲಿಯಾದ ಕೆಲವು ಇವ್ಯಾಕ್ಯೂ ಪ್ರಾಪರ್ಟಿ (ದೇಶ ಬಿಟ್ಟು ಹೋದವರ ಆಸ್ತಿ) ಎಂದು ದಾಖಲಾಗಿರಬಹುದು. ಇದನ್ನು ಮೊದಲೇ ನೋಡಿಕೊಳ್ಳದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಹೆಣ್ಣುಮಕ್ಕಳ ಸಹಿ ಮರೆಯಬೇಡಿ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕಿದೆ. ಮುಸ್ಲಿಂ ಮನೆತನದಲ್ಲೂ ಮಗಳಿಗೆ, ಹೆಂಡತಿಗೆ ಗೊತ್ತಾದ ಪಾಲಿದೆ. "ಅಕ್ಕ ಏನೂ ಅನ್ನಂಗಿಲ್ಲ ಬಿಡ್ರಿ" ಎಂದು ತಮ್ಮ ಹೇಳಿದ ಮಾತನ್ನು ನಂಬಿ ಕೂರಬೇಡಿ. ಆ ಅಕ್ಕನ ಮನೆಗೂ ಹೋಗಿ ಚಹಾ ಕುಡಿದು ಬನ್ನಿ. ನಮ್ಮಲ್ಲಿ ಕೊನೆಗೆ ಮನೆ ಉಳಿಯಬೇಕು ಎಂದು ಹಟ ಹಿಡಿದವರೇ ಉದಗೀರಿಗೆ ಕೊಟ್ಟಿದ್ದ ಮಗಳು.

ಕೊಳ್ಳಬೇಡಿ, ಲೀಜಿಗೆ ಹಿಡಿಯಿರಿ

ಓಣಿಯವರು ಚಂದಾ ಎತ್ತಿ ಮನೆ ಕೊಳ್ಳುವುದು ಕೇಳಲು ಚಂದ. ಹಳೆ ಊರಿನ ಜಾಗದ ಬೆಲೆಗೆ ಅದು ಆಗುವ ಮಾತಲ್ಲ, ಆಯಿತೆಂದರೂ ರಿಪೇರಿಗೆ ದುಡ್ಡು ಉಳಿಯುವುದಿಲ್ಲ. ದೀರ್ಘಾವಧಿ ಲೀಜು ಒಳ್ಳೆಯದು. ಒಂದು ವರ್ಷಕ್ಕೆ ಮೀರಿದ ಲೀಜನ್ನು ನೋಂದಣಿ ಮಾಡಿಸಲೇಬೇಕು. ಬಾಡಿಗೆ ಮನೆಗಳಿಗೆ ಮಾಡುವ 11 ತಿಂಗಳ ಕರಾರನ್ನು ನಂಬಿ ಮಾಳಿಗೆಗೆ ಲಕ್ಷಗಟ್ಟಲೆ ಹಾಕುವುದು ಹುಚ್ಚು. ಅವಧಿ ಹೆಚ್ಚಿದಂತೆ ಮುದ್ರಾಂಕ ಶುಲ್ಕವೂ ಏರುತ್ತದೆ, ಲೆಕ್ಕ ಮೊದಲೇ ಕೇಳಿಕೊಳ್ಳಿ. ಮನೆಯವರು ದಾನವಾಗಿಯೇ ಕೊಟ್ಟರೆ ದಾನಪತ್ರವೂ ಇಬ್ಬರು ಸಾಕ್ಷಿಗಳೊಂದಿಗೆ ನೋಂದಣಿಯಾಗಬೇಕು. ಬಾಯಿಮಾತಿನ ದಾನ, ನೂರು ರೂಪಾಯಿ ಬಾಂಡಿನ ದಾನ ಮುಂದಿನ ತಲೆಮಾರಿಗೆ ಜಗಳವಾಗುತ್ತದೆ.

ಲೀಜಿನಲ್ಲಿ ನಾಲ್ಕು ಮಾತು ಇರಲಿ. ರಿಪೇರಿಯ ಖರ್ಚು ಯಾರದು. ಅವಧಿಗೆ ಮುಂಚೆ ಮನೆ ವಾಪಸು ಬೇಕಾದರೆ ಆ ಖರ್ಚಿಗೆ ಏನು ಪರಿಹಾರ. ಮಾರುವ ಮನಸ್ಸಾದರೆ ಮೊದಲು ನಮಗೆ ತಿಳಿಸಬೇಕು. ವರ್ಷದ ಯಾವ ದಿನ ಮನೆ ಮನೆತನದವರದು. ಈ ಕೊನೆಯದು ಸಣ್ಣದೆಂದು ಕಾಣುತ್ತದೆ, ಒಪ್ಪಂದವನ್ನು ಉಳಿಸುವುದು ಅದೇ. ಕುಲದೇವರ ಪೂಜೆಯೋ ಹಿರಿಯರ ಫಾತಿಹಾವೋ, ಆ ದಿನ ದೇವರ ಕೋಣೆ ಅಥವಾ ದಿವಾನಖಾನೆಯ ಕೀಲಿ ಅವರ ಕೈಯಲ್ಲಿರಬೇಕು. ಬಾಗಿಲ ಮೇಲಿನ ಮನೆತನದ ಹೆಸರೂ ಹಾಗೇ ಇರಲಿ.

ಸಂಘ ಕಟ್ಟುವುದು

ಲೀಜು ಯಾರ ಹೆಸರಿಗೆ ಎಂಬ ಪ್ರಶ್ನೆಗೆ ಉತ್ತರ ಇದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸೇರಿ ಸಂಘ ನೋಂದಾಯಿಸಬಹುದು. ಟ್ರಸ್ಟ್ ಮಾಡಿದರೆ ಕೆಲಸ ಬೇಗ, ಆದರೆ ಅಧಿಕಾರ ನಾಲ್ಕು ಜನರ ಕೈಯಲ್ಲೇ ಉಳಿಯುತ್ತದೆ. ಓಣಿಯ ಮನೆಗೆ ಸಂಘವೇ ಸರಿ ಎಂಬುದು ನನ್ನ ಅಭಿಪ್ರಾಯ: ಪ್ರತಿ ವರ್ಷ ಸರ್ವಸಾಧಾರಣ ಸಭೆ, ಲೆಕ್ಕಪರಿಶೋಧನೆ, ಬೇಡವಾದ ಅಧ್ಯಕ್ಷರನ್ನು ಇಳಿಸಲು ದಾರಿ. ಏಳು ಜನರಲ್ಲಿ ಮೂವರಾದರೂ ಹೆಂಗಸರಿರಲಿ, ಮನೆತನದವರೊಬ್ಬರಿರಲಿ, ಕೈಯಲ್ಲಿ ಕಸುಬಿರುವವರೊಬ್ಬರಿರಲಿ. ರಾಜಕಾರಣಿಗಳನ್ನು ಕಾರ್ಯಕ್ರಮಕ್ಕೆ ಕರೆಯಿರಿ, ಸಮಿತಿಗೆ ಬೇಡ.

ನೋಂದಣಿಯಾದ ಕೂಡಲೇ ಪ್ಯಾನ್, ಬ್ಯಾಂಕ್ ಖಾತೆ, ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಜನ 12ಎ (ಸಂಘದ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ವಿನಾಯಿತಿ) ಎಂದು ಕರೆಯುವ ಎರಡು ನೋಂದಣಿ. 80ಜಿ ಇದ್ದರೂ ₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಡಲು ಹೇಳಿ.

ಗಲ್ಫಿನಲ್ಲಿರುವ ನಮ್ಮವರ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದು ಎನಿಸುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ, ಅವರು ಎಷ್ಟೇ ಹತ್ತಿರದ ನೆಂಟರಾಗಿದ್ದರೂ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೇಳಬಹುದು. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಪೋಷಣೆ ಎರಡೂ ಇವೆ. ಅದಕ್ಕೆ ಸಂಘವು ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಇವರ ಬಾಗಿಲನ್ನೂ ತಟ್ಟಿ. ಆದರೆ ಎಲ್ಲರೂ ಹಿಂದಿನ ಚಟುವಟಿಕೆಯ ದಾಖಲೆ ಕೇಳುತ್ತಾರೆ. ಮೊದಲ ದಿನದ ಮಕ್ಕಳ ಚಿತ್ರ ಶಿಬಿರದ ಫೋಟೊ, ಹಾಜರಿ, ಬಣ್ಣ ತಂದ ಬಿಲ್ಲು, ಎಲ್ಲ ಒಂದು ಫೈಲಿಗೆ ಹಾಕಿಡಿ.

ನೂರು ಮೀಟರಿನ ಲೆಕ್ಕ

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಳೆಯುವುದು ಗುಮ್ಮಟದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. 1472ರ ಮಹಮೂದ್ ಗವಾನ್ ಮದರಸಾ ಮತ್ತು ಕೋಟೆಯ ನಡುವೆ ಬದುಕುವ ನಮಗೆ ಇದು ದಿನನಿತ್ಯದ ಮಾತು. ಜನ ಇದನ್ನು ಕೇಳಿ "ಹಂಗಾರೆ ಮೊಳೀನೂ ಹೊಡೀಲಾಕ ಬರಂಗಿಲ್ಲ" ಎನ್ನುತ್ತಾರೆ. ಹಾಗಿಲ್ಲ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನಿಂದ ಇರುವ ಕಟ್ಟಡದ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಕೈಹಾಕಬಹುದು. ಅನುಮತಿ ಇಲ್ಲದೆ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ ₹1 ಲಕ್ಷದವರೆಗೆ ದಂಡ, ಅಥವಾ ಎರಡೂ. ನೀವು ತೆಗೆದ ಫೋಟೊ, ಕೈನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತವೆ.

ಇನ್ನೊಂದು ಕಡೆಯಿಂದ ನೋಡಿದರೆ ಇದೇ ನಿಯಮ ನಿಮ್ಮ ಗೆಳೆಯ. ಆರಂತಸ್ತು ಎಬ್ಬಿಸಲಾಗದ ಜಾಗವನ್ನು ಬಿಲ್ಡರ್ ಏಕೆ ಕೊಳ್ಳುತ್ತಾನೆ? ಇದನ್ನು ವಾರಸುದಾರರಿಗೆ ನಯವಾಗಿ ತಿಳಿಸಿ.

ಮಾಳಿಗೆ ಮೊದಲು, ಬಣ್ಣ ಕೊನೆಗೆ

ಹಳೆ ಮನೆ ಕೊಲ್ಲುವುದು ವಯಸ್ಸಲ್ಲ, ನೀರು. ಲೀಜಿನ ಮಾತುಕತೆ ಇನ್ನೂ ನಡೆದಿದ್ದರೂ ಮನೆಯವರನ್ನು ಕೇಳಿ ಮಿರಗದ ಮಳೆಯೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಮಾಳಿಗೆಯ ಮೇಲೆ ಹತ್ತಿ. ನೀರು ಹೊರಹೋಗುವ ದೋಣಿಗಳಲ್ಲಿ ತುಂಬಿದ ಎಲೆ, ಪಾರಿವಾಳದ ಗೂಡು ತೆಗೆಯಿರಿ. ಮಾಳಿಗೆಯ ಅಂಚಿನ ಕೈಪಿಡಿ ಗೋಡೆಯಲ್ಲಿ ಬೆಳೆದ ಅರಳಿಯನ್ನು ಜಗ್ಗಿ ಕೀಳಬೇಡಿ, ಬೇರಿನ ಜೊತೆ ಅರ್ಧ ಗೋಡೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯಿಸಿ, ಒಣಗಿದ ಮೇಲೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬಿ. ಸೋರುವ ಕಡೆ ಸದ್ಯಕ್ಕೆ ತಾಡಪತ್ರಿ, ಬಾಗಿದ ತೊಲೆಯ ಕೆಳಗೆ ಆಸರೆಗಂಬ. ಇಷ್ಟಕ್ಕೆ ಸಣ್ಣ ಚಂದಾ ಸಾಕು.

ಮಣ್ಣಿನ ಮಾಳಿಗೆಯ ಗುಟ್ಟು ತಿಳಿದಿರಲಿ. ಹಿರಿಯರು ಪ್ರತಿ ಬೇಸಗೆ ಸವುಳು ಮಣ್ಣು ತಂದು ಹಾಕುತ್ತಿದ್ದರು. ನೀರು ತಾಗಿದೊಡನೆ ಅದರ ನುಣುಪು ಕಣ ಬಿಡಿಬಿಡಿಯಾಗಿ ಸಂದಿ ಮುಚ್ಚಿಬಿಡುತ್ತದೆ, ನೀರು ಇಳಿಯುವುದಿಲ್ಲ. ಆದರೆ ಹಳೆಯ ಮಣ್ಣು ಕೆರೆಯದೆ ಹೊಸದು ಹಾಕುತ್ತ ಹೋದರೆ ಭಾರ ಏರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಅರ್ಧ ಅಡಿ ಹೆಚ್ಚಿನ ಮಣ್ಣು ಎಂದರೆ 50 ಘನ ಅಡಿ. ಘನ ಅಡಿಗೆ ಸುಮಾರು 45 ಕಿಲೋ ಹಿಡಿದರೂ 2,250 ಕಿಲೋ. ಇಪ್ಪತ್ತೆರಡು ಕ್ವಿಂಟಲ್ ತೊಗರಿಯನ್ನು ಮಾಳಿಗೆಯ ಮೇಲೆ ಒಟ್ಟಿದಂತೆ. ಗೆದ್ದಲು ತಿಂದ ಜಂತಿ ತಡೆದೀತೇ? ಎಷ್ಟೋ ಮನೆಗಳಲ್ಲಿ ಮೊದಲ ರಿಪೇರಿ ಎಂದರೆ ಮಣ್ಣು ಇಳಿಸುವುದೇ. ಒಂದೇ ಕಡೆಯಿಂದ ಇಳಿಸಬೇಡಿ, ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ. ಮೇಲೆ ಸಿಮೆಂಟ್ ಸ್ಲ್ಯಾಬ್ ಹಾಕೋಣ ಎನ್ನುವ ಮೇಸ್ತ್ರಿಗೆ ನಮಸ್ಕಾರ ಹೇಳಿ ಕಳಿಸಿ.

ಸಿಮೆಂಟ್ ಏಕೆ ಬೇಡ? ನಮ್ಮ ಗೋಡೆ ಜಂಬಿಟ್ಟಿಗೆ ಕಲ್ಲಿನದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಮೈತುಂಬ ತೂತಿನ ಕಲ್ಲು. ನೆಲದ ತೇವ ಗೋಡೆ ಹತ್ತುತ್ತದೆ, ಸುಣ್ಣದ ಗಿಲಾವಿನ ಮೂಲಕ ಆರಿ ಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ತೇವಕ್ಕೆ ದಾರಿಯಿಲ್ಲ. ಒಳಗೇ ಉಪ್ಪು ಕಟ್ಟಿ ಕಲ್ಲು ಪುಡಿಯಾಗುತ್ತದೆ. ಹೊರಗೆ ಗಟ್ಟಿ ಕಾಣುವ ಗೋಡೆ ಒಳಗೆ ಹಿಟ್ಟಾಗಿರುತ್ತದೆ. ಸುಣ್ಣ ಅರಳಿಸಿ, ನೀರಿನಲ್ಲಿ ವಾರಗಟ್ಟಲೆ ಕೊಳೆಸಿ, ಮರಳು ಅಥವಾ ಇಟ್ಟಿಗೆ ಪುಡಿ ಸೇರಿಸಿ ಅರೆದ ಗಾರೆಯೇ ಆಗಬೇಕು. ಏಪ್ರಿಲ್, ಮೇ ಬಿಸಿಲಲ್ಲಿ ಗಿಲಾವು ಮಾಡಿದರೆ ಬಿರುಕು ಬಿಡುತ್ತದೆ. ಮಳೆ ಮುಗಿದ ಮೇಲೆ, ದೀಪಾವಳಿಯಿಂದ ಸಂಕ್ರಾಂತಿವರೆಗೆ ಒಳ್ಳೆಯ ಕಾಲ. ಹಸಿ ಗೋಣಿಚೀಲ ಹೊದಿಸಿ ನಿಧಾನ ಆರಲು ಬಿಡಿ. ಗಾರೆ ಬಲ್ಲ ಮುದುಕ ಮೇಸ್ತ್ರಿಯೊಬ್ಬರು ಸಿಕ್ಕರೆ ಅವರಿಗೆ ಕೂಲಿ ಬೇರೆ, ಇಬ್ಬರು ಹುಡುಗರಿಗೆ ಕಲಿಸಿದ್ದಕ್ಕೆ ಬೇರೆ ಕೊಡಿ. ನಿಮ್ಮ ಕಲಾಮನೆಯ ಮೊದಲ ತರಗತಿ ಅದೇ.

ಗೋಡೆಯ ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಹಚ್ಚಿ ಅಂಟಿಸಿ, ತಾರೀಖು ಬರೆಯಿರಿ. ಮಳೆಗಾಲ ಕಳೆದು ಗಾಜು ಹಾಗೇ ಇದ್ದರೆ ಬಿರುಕು ಮಲಗಿದೆ. ಒಡೆದಿದ್ದರೆ ಎಂಜಿನಿಯರರನ್ನು ಕರೆಯಿರಿ. ಕಲಬುರಗಿ ಕಡೆ ಎರೆಮಣ್ಣಿನ ಮೇಲೆ ನಿಂತ ಮನೆಗಳಲ್ಲಿ ಇದು ಇನ್ನೂ ಮುಖ್ಯ, ಆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುತ್ತದೆ.

ಶೌಚಾಲಯ ಹಳೆ ಗೋಡೆಗೆ ತಾಗದಂತೆ ಹಿತ್ತಲಲ್ಲಿರಲಿ. ನಿಷೇಧಿತ ವಲಯದಲ್ಲಿ ಅದೂ ಹೊಸ ಕಟ್ಟಡವೇ, ಹಳೆಯದನ್ನೇ ಸರಿಮಾಡಿಸಬೇಕು. ಗುಂಡಿ ಬಾವಿಯಿಂದ ಆದಷ್ಟು ದೂರ. ನೌಬಾದಿನ ಕರೇಜ್ ಎಂಬ ನೆಲದಡಿಯ ಹಳೆ ನೀರಿನ ಸುರಂಗಕ್ಕೆ ನೀರು ಜಿನುಗುವುದು ಈ ತೂತು ಕಲ್ಲಿನ ಗುಣದಿಂದಲೇ; ಅದೇ ಗುಣ ಕೊಳಕು ನೀರನ್ನೂ ಬಾವಿಗೆ ಮುಟ್ಟಿಸುತ್ತದೆ. ವೈರಿಂಗ್ ಪೂರ್ತಿ ಹೊಸದು ಮಾಡಿಸಿ. ಮಹಡಿಯ ಮೇಲೆ ಪ್ರೇಕ್ಷಕರನ್ನು ಕೂರಿಸಬೇಡಿ.

ಒಂದು ಅಂಗಳದಿಂದ ಶುರು

ಇಡೀ ಮನೆ ಸರಿಯಾದ ಮೇಲೆ ಉದ್ಘಾಟನೆ ಎಂದು ಕಾಯ್ದರೆ ಆ ದಿನ ಬರುವುದಿಲ್ಲ. ಅಂಗಳ ಗುಡಿಸಿ, ಜಮಖಾನೆ ಹಾಸಿ, ಮಕ್ಕಳನ್ನು ಕರೆಯಿರಿ. ಬಾಗಿದ ಕೋಣೆಗಳಿಗೆ ಹಗ್ಗ ಕಟ್ಟಿ ಬೀಗ ಹಾಕಿ. ಜನ ಓಡಾಡುವ ಮನೆಯಲ್ಲಿ ಗೆದ್ದಲೂ ಬೇಗ ಕಣ್ಣಿಗೆ ಬೀಳುತ್ತದೆ.

ಏನು ನಡೆಸಬೇಕು ಎಂಬುದಕ್ಕೆ ಓಣಿಯನ್ನೇ ಕೇಳಿ. ತತ್ವಪದ ಹಾಡುವ ಮುತ್ಯಾ, ಮೊಹರಮ್ಮಿಗೆ ಅಲಾವಿ ಪದ ಕಟ್ಟುವವರು, ಭಜನೆ ಮೇಳ, ದಖನಿ ಶಾಯರಿ ಬರೆಯುವ ದರ್ಜಿ, ಕೌದಿ ಹೊಲಿಯುವ ಆಯಿ, ತಾಂಡಾದಿಂದ ಬರುವ ಕಸೂತಿಯ ಹೆಣ್ಣುಮಕ್ಕಳು. ಸುರಪುರದವರಾದರೆ ಅಲ್ಲಿಯದೇ ಚಿತ್ರಶೈಲಿ ಇದೆ. ಬ್ರಿಟಿಷ್ ಅಧಿಕಾರಿ ಟೇಲರನ ಹಳೆ ಬಂಗಲೆ ಟೇಲರ್ ಮಂಜಿಲ್ ಇರುವ ಆ ಊರಿನವರಿಗೆ ಹಳೆ ಮನೆಯ ಬೆಲೆ ನಾನು ಹೇಳಬೇಕಿಲ್ಲ. ಕಲಬುರಗಿಯಲ್ಲಿ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರವಿದೆ, ದೊಡ್ಡ ನಾಟಕಕ್ಕೆ ಅದು ಸರಿ. ಓಣಿಯ ಮನೆ ಐವತ್ತು ಜನರಿಗೆ, ಮೈಕಿಲ್ಲದೆ ಕೇಳುವ ದನಿಗೆ.

ಬಿದ್ರಿ ಬಗ್ಗೆ ಎಚ್ಚರ. ಬೀದರ್ ಎಂದ ಮೇಲೆ ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಬಿದ್ರಿ ಬೇಕೇ ಬೇಕು. 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ಕಸುಬು, 2023ರಲ್ಲಿ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ತಂದ ಕಸುಬು. ಆದರೆ ಸತು, ತಾಮ್ರ ಕರಗಿಸಿ ಅಚ್ಚು ಹೊಯ್ಯುವುದನ್ನು ಮರದ ಜಂತಿಯ ಕೆಳಗೆ ಮಾಡಿಸಬೇಡಿ. ಬೆಂಕಿ ಒಂದು ಭಯ, ಹೊಗೆ ಇನ್ನೊಂದು. ಎರಕ ಕುಶಲಕರ್ಮಿಯ ಕಾರ್ಖಾನೆಯಲ್ಲೇ ಆಗಲಿ. ನಿಮ್ಮಲ್ಲಿ ಉಳಿಯಿಂದ ಕೆತ್ತುವುದು, ಬೆಳ್ಳಿ ತಂತಿ ಕೂರಿಸುವುದು ನಡೆಯಲಿ. ಕೊನೆಗೆ ಕೋಟೆಯ ಹಳೆ ಮಣ್ಣಿನ ಲೇಪಕ್ಕೆ ಪಾತ್ರೆ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಗಳಿಗೆಯನ್ನು ಅಂಗಳದಲ್ಲಿ ತೋರಿಸಬಹುದು. ಕಲಿಸುವವರಿಗೆ ಶಾಲು, ಹಣ್ಣು ಕೊಟ್ಟು ಕಳಿಸಬೇಡಿ. ದಿನದ ದುಡಿಮೆ ಬಿಟ್ಟು ಬಂದಿರುತ್ತಾರೆ, ಸಂಬಳ ಕೊಡಿ.

ಹಣ ಸಾಲದಾದಾಗ ಯಾರಾದರೊಬ್ಬರು "ಲಗ್ನಕ್ಕ ಬಾಡಗಿ ಕೊಡ್ರಿ" ಎನ್ನುತ್ತಾರೆ. ಬೇಡ. ಒಂದು ಲಗ್ನದ ಜನರೇಟರು, ಒಲೆ, ಗೋಡೆಗೆ ಹೊಡೆದ ಮೊಳೆ, ಡಿಜೆಯ ಅದುರು, ಇವು ವರ್ಷದ ರಿಪೇರಿಯನ್ನು ತಿಂದುಬಿಡುತ್ತವೆ. ಬದಲಿಗೆ ತಿಂಗಳಿಗೆ ಮನೆಗಿಷ್ಟು ಎಂದು ಸಣ್ಣ ಚಂದಾ, ಫೋಟೊ ತೆಗೆಯಲು ಬರುವ ಪ್ರವಾಸಿಗರಿಗೆ ಹುಂಡಿ, ಮಾರಾಟವಾದ ವಸ್ತುವಿನಲ್ಲಿ ಸಣ್ಣ ಪಾಲು. ಪ್ರತಿ ತಿಂಗಳ ಜಮಾ ಖರ್ಚನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಚಹಾದ ₹140 ಕೂಡ ಬರೆಯಿರಿ. ನಮ್ಮಲ್ಲಿ ಗುಸುಗುಸು ನಿಂತದ್ದು ಆ ಹಲಗೆ ತೂಗಿದ ಮೇಲೆ.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ. ಕಾನೂನೂ ಅದನ್ನೇ ಹೇಳುತ್ತದೆ, ಪಕ್ಕದ ಮನೆಯ ಪರೀಕ್ಷೆ ಬರೆಯುವ ಹುಡುಗಿಯೂ ಅದನ್ನೇ ಹೇಳುತ್ತಾಳೆ.

ಅತಿ ದೊಡ್ಡ ಜಗಳ ಕೀಲಿಯದು. ಯಾರ ಸೊಂಟದಲ್ಲಿ ಕೀಲಿ ಇರುತ್ತದೋ ಮನೆ ಅವರದೇ ಎಂದು ಆರು ತಿಂಗಳಲ್ಲಿ ಊರು ನಂಬಿಬಿಡುತ್ತದೆ. ಎರಡು ಕೀಲಿ ಮಾಡಿಸಿ. ಒಂದು ಎದುರಿನ ಕಿರಾಣಿ ಅಂಗಡಿಯಲ್ಲಿರಲಿ, ಪಕ್ಕದಲ್ಲೊಂದು ನೋಟುಬುಕ್ಕು: ಯಾರು ಒಯ್ದರು, ಎಷ್ಟು ಹೊತ್ತಿಗೆ, ಯಾವಾಗ ಮರಳಿ ಕೊಟ್ಟರು. ಇನ್ನೊಂದು ಕೀಲಿ ವರ್ಷಕ್ಕೊಮ್ಮೆ ಕೈ ಬದಲಿಸಲಿ.

ಇನ್ನು ಮಾಳಿಗೆ ಸರಿಮಾಡಿಸಿದ ವರ್ಷದ ಮೊದಲ ದೊಡ್ಡ ಮಳೆ. ಅವತ್ತು ಎಷ್ಟೇ ಹೊತ್ತಾಗಿರಲಿ ಇಬ್ಬರು ಬ್ಯಾಟರಿ ಹಿಡಿದು ಒಳಗೆ ಹೋಗಿ. ಪ್ರತಿ ಕೋಣೆಯಲ್ಲಿ ಐದು ನಿಮಿಷ ನಿಂತು ಜಂತಿಗಳ ನಡುವೆ ಬೆಳಕು ಬಿಡಿ. ಹಸಿ ಕಂಡಲ್ಲೆಲ್ಲ ಅದರ ಅಂಚಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಮಳೆಗೆ ಹಸಿ ಗೆರೆ ದಾಟಿದ್ದರೆ ಮರುದಿನವೇ ಮೇಸ್ತ್ರಿಗೆ ಫೋನು ಮಾಡಿ.